ಸಿಲಿಂಡರ್ ಹೆಡ್‌ನಲ್ಲಿ ಮುರಿದ ಸ್ಟಡ್ ಮತ್ತು ಕಾರ್ಬೈಡ್ ಬರ್

ಹಳೆಯ ಮೋಟಾರ್‌ಸೈಕಲ್ಲಿನಲ್ಲಿ ಸೈಲೆನ್ಸರಿನ ಬೆಂಡ್ ಪೈಪನ್ನು ಸಿಲಿಂಡರ್ ಹೆಡ್‌ಗೆ ಬಿಗಿದು ಹಿಡಿಯುವ ಸ್ಟಡ್‌ಗಳು (ತಲೆಯಿಲ್ಲದ, ಥ್ರೆಡ್ ಇರುವ ಸರಳುಗಳು) ಪಡುವಷ್ಟು ಪಾಡನ್ನು ಆ ಎಂಜಿನ್ನಿನ ಬೇರೆ ಯಾವ ಬೋಲ್ಟೂ ಪಡುವುದಿಲ್ಲ. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಆರಿದಾಗ ಅಷ್ಟೇ ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳ ನಡುವೆ ಮಳೆನೀರು ಥ್ರೆಡ್‌ನೊಳಗೆ ಇಳಿದು ನಿಂತರೆ, ಎರಡು ಬೇರೆ ಬೇರೆ ಲೋಹಗಳು ತೇವದಲ್ಲಿ ಕೂಡಿದ್ದರಿಂದಾಗಿ ಅಲ್ಯೂಮಿನಿಯಂ ಕೊರೆದುಹೋಗಿ ಬಿಳಿಯ ಪುಡಿಯಾಗುತ್ತದೆ. ಆ ಪುಡಿ ಥ್ರೆಡ್‌ನ ಸಂದುಗಳಲ್ಲೆಲ್ಲ ಬಿಗಿದುಕೊಳ್ಳುತ್ತದೆ. ಮುಂದೊಂದು ದಿನ ಸ್ಪ್ಯಾನರ್ ಹಾಕಿದಾಗ ನಟ್ ಕಳಚುವ ಬದಲು ಸ್ಟಡ್ಡೇ ತಿರುಚಿಕೊಂಡು ತುಂಡಾಗುತ್ತದೆ.

ಇತ್ತೀಚೆಗೆ ಪರಿಚಿತರೊಬ್ಬರು ಅಂಥದ್ದೇ ಒಂದು ಹೆಡ್ಡನ್ನು ತಂದುಕೊಟ್ಟು, "ಹೊಸ ಹೆಡ್ಡೇ ಹಾಕಿಸಿ ಅಂದರು ಸಾರ್, ಆದರೆ ಈ ಗಾಡಿಗೆ ಹೊಸದು ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಎಂ8, ಎಂದರೆ 8 ಮಿ.ಮೀ. ವ್ಯಾಸದ ಸ್ಟಡ್, ಹೆಡ್‌ನ ಮೇಲ್ಮೈಯಿಂದ ಸುಮಾರು 4 ಮಿ.ಮೀ. ಒಳಗೆ ಮುರಿದಿತ್ತು. ಅದಕ್ಕೆ ಮೊದಲು ಕೈಹಾಕಿದ್ದ ಗ್ಯಾರೇಜಿನವರು ನಡುವನ್ನು ಬಿಟ್ಟು ಒಂದು ಪಕ್ಕಕ್ಕೆ ತೂತು ಕೊರೆದು, ಆ ತೂತಿಗೆ ಈಜಿ ಔಟ್ (ಮುರಿದ ಬೋಲ್ಟನ್ನು ಒಳಗಿಂದ ಕಚ್ಚಿ ತಿರುಗಿಸಿ ತೆಗೆಯುವ ಉಪಕರಣ) ಹೊಡೆದು ತಿರುಗಿಸಿ, ಅದನ್ನೂ ಒಳಗೇ ಮುರಿದು ಕಳಿಸಿದ್ದರು.

ಈಜಿ ಔಟ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಥ್ರೆಡ್ ಕಚ್ಚಿಕೊಂಡು ಮುರಿದ ಸ್ಟಡ್ಡನ್ನು, ಆ ಸ್ಟಡ್‌ಗಿಂತಲೂ ತೆಳುವಾದ ಉಪಕರಣವೊಂದು ತಿರುಗಿಸಿ ತೆಗೆಯುತ್ತದೆಂದು ನಂಬುವುದಕ್ಕೆ ಕಾರಣವೇ ಕಾಣುವುದಿಲ್ಲ. ಅದರ ತುದಿ ಮೊನಚಾಗಿರುವುದರಿಂದ ಒಳಕ್ಕೆ ಹೋದಷ್ಟೂ ಸ್ಟಡ್‌ನ ಗೋಡೆಯನ್ನು ಹೊರಕ್ಕೆ ದೂಡಿ, ಮೊದಲೇ ಬಿಗಿದಿರುವ ಥ್ರೆಡ್ಡನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಕಚ್ಚಿಕೊಳ್ಳದೆ, ಅತಿಯಾಗಿ ಬಿಗಿದದ್ದರಿಂದ ಮಾತ್ರ ತಲೆ ಕಳಚಿದ ಬೋಲ್ಟುಗಳಿಗೆ ಅದು ಸರಿ. ಉಳಿದ ಕಡೆ ಅದು ಮುರಿಯುತ್ತದೆ. ಮುರಿದ ಮೇಲೆ ಅದರ ಗಡಸುತನಕ್ಕೆ ಸಾಮಾನ್ಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್ ಸೋಲುತ್ತದೆ.

ಡ್ರಿಲ್‌ಗೆ ಇರುವ ಇನ್ನೊಂದು ತೊಡಕೆಂದರೆ ಅದು ಮೆದುವಾದ ದಾರಿಯನ್ನೇ ಹಿಡಿಯುತ್ತದೆ. ಮುರಿದ ಉಕ್ಕಿನ ಮುಖ ಎಂದೂ ಸಮತಟ್ಟಾಗಿರುವುದಿಲ್ಲ. ಬಿಟ್‌ನ ತುದಿ ಆ ಇಳಿಜಾರಿನಲ್ಲಿ ಜಾರಿ ಪಕ್ಕದ ಅಲ್ಯೂಮಿನಿಯಮ್ಮನ್ನು ಮುಟ್ಟಿತೆಂದರೆ ಮತ್ತೆ ಉಕ್ಕಿನ ಕಡೆಗೆ ತಿರುಗುವುದಿಲ್ಲ. ಒಮ್ಮೆ ಪಕ್ಕಕ್ಕೆ ಬಿದ್ದ ತೂತಿನಲ್ಲಿ ದೊಡ್ಡ ಬಿಟ್ ಹಾಕಿದರೂ ಅದು ಹಳೆಯ ತೂತನ್ನೇ ಅನುಸರಿಸುತ್ತದೆ. ಕಾರ್ಬೈಡ್ ಬರ್, ಎಂದರೆ ವೇಗವಾಗಿ ತಿರುಗಿ ಲೋಹ ಕೆರೆಯುವ, ಸುತ್ತಲೂ ಹಲ್ಲಿರುವ ಸಣ್ಣ ಉಪಕರಣ, ಹಾಗಲ್ಲ. ಅದು ತುದಿಗಿಂತ ಹೆಚ್ಚಾಗಿ ಪಕ್ಕದಿಂದ ಕತ್ತರಿಸುವುದರಿಂದ, ಎತ್ತ ಒತ್ತುತ್ತೇವೋ ಅತ್ತಲ ಲೋಹವನ್ನು ಮಾತ್ರ ತಿನ್ನುತ್ತದೆ. ಪಕ್ಕಕ್ಕೆ ಬಿದ್ದ ತೂತನ್ನು ನಡುವಿಗೆ ಎಳೆದು ತರಲು ಕೈಯಲ್ಲಿ ಹಿಡಿದು ಮಾಡುವ ಕೆಲಸಗಳಲ್ಲಿ ನನಗೆ ಗೊತ್ತಿರುವ ನೆಚ್ಚಬಹುದಾದ ದಾರಿ ಇದೊಂದೇ.

ಟಂಗ್‌ಸ್ಟನ್ ಕಾರ್ಬೈಡ್ ಕಣಗಳನ್ನು ಕೋಬಾಲ್ಟ್‌ನೊಂದಿಗೆ ಸೇರಿಸಿ ಕಾಯಿಸಿ ಗಟ್ಟಿ ಮಾಡುವ ವಿಧಾನ ಜರ್ಮನಿಯಲ್ಲಿ 1920ರ ದಶಕದಲ್ಲಿ ರೂಪುಗೊಂಡಿತು. ಕ್ರುಪ್ ಕಂಪನಿ ಅದನ್ನು 1926ರಲ್ಲಿ ವಿಡಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಆ ಹೆಸರಿನ ಕಾರ್ಖಾನೆಯೂ ಇದ್ದುದರಿಂದ ಪೀಣ್ಯದ ಲೇತ್ ಕೆಲಸದವರಿಗೆ ಕಾರ್ಬೈಡ್ ಎಂದರೆ ಇವತ್ತಿಗೂ ವಿಡಿಯಾವೇ. ಗಡಸು ಮಾಡಿದ ಈಜಿ ಔಟನ್ನೂ ಮುರಿದ ಟ್ಯಾಪನ್ನೂ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಅದು ನಿಧಾನವಾಗಿಯಾದರೂ ತಿನ್ನುತ್ತದೆ. ಆದರೆ ಗಡಸಾದದ್ದೆಲ್ಲ ಪೆಡಸು. ಅಡ್ಡ ಒತ್ತಡ ಬಿದ್ದರೆ ಹಲ್ಲು ಹಾರುತ್ತದೆ, ಇಲ್ಲವೇ ತಲೆಯೇ ಮುರಿಯುತ್ತದೆ.

ಬರ್ ಅನ್ನು ಕೈ ಡ್ರಿಲ್‌ಗೆ ಸಿಕ್ಕಿಸಿ ಕೆಲಸ ಮಾಡುವವರನ್ನು ನೋಡಿದ್ದೇನೆ. ಅದು ಬರ್ ಕೆಡಿಸುವ ದಾರಿ. ಕೈ ಡ್ರಿಲ್ ನಿಮಿಷಕ್ಕೆ ಹೆಚ್ಚೆಂದರೆ 3,000 ಸುತ್ತು ತಿರುಗಬಹುದು; ಸಣ್ಣ ಬರ್‌ಗೆ 20,000ದಿಂದ 30,000 ಸುತ್ತು ಬೇಕು. ವೇಗ ಸಾಲದಿದ್ದರೆ ಹಲ್ಲುಗಳು ಕತ್ತರಿಸುವ ಬದಲು ಕುಟ್ಟುತ್ತವೆ. ಆದ್ದರಿಂದ ಅಷ್ಟು ವೇಗವಾಗಿ ತಿರುಗುವ ಡೈ ಗ್ರೈಂಡರ್ ಬೇಕು, ಇಲ್ಲವೇ 3 ಮಿ.ಮೀ. ಕಾಲೆಟ್ (ಬರ್ ಹಿಡಿದುಕೊಳ್ಳುವ ಬಾಯಿ) ಇರುವ ಸಣ್ಣ ರೋಟರಿ ಟೂಲ್ ಆದರೂ ಬೇಕು. ಹಿಡಿ (ಗ್ರೈಂಡರ್‌ಗೆ ಸಿಕ್ಕಿಸುವ ಕಡ್ಡಿ) ಉದ್ದವಾಗಿರುವ ಬರ್‌ಗಳನ್ನು ಮಾತ್ರ ಪೂರ್ತಿ ವೇಗದಲ್ಲಿ ಗಾಳಿಯಲ್ಲಿ ತಿರುಗಿಸಬಾರದು. ಹಿಡಿ ಬಾಗಿ ಚಾವಟಿಯಂತೆ ಬೀಸುತ್ತದೆ. ಉಕ್ಕಿಗೆ ಎರಡು ದಿಕ್ಕಿನಲ್ಲಿ ಗೆರೆ ಹಾಯ್ದ ಡಬಲ್ ಕಟ್ ಬರ್ ಸರಿ. ಅದೇ ಬರ್ ಅಲ್ಯೂಮಿನಿಯಂ ತಾಗಿದರೆ ಹಲ್ಲುಗಳ ಸಂದು ಮೆತ್ತಿಕೊಂಡು ಕೆಲಸ ನಿಲ್ಲುತ್ತದೆ, ಆಗ ಸೀಮೆಎಣ್ಣೆಯಲ್ಲಿ ಅದ್ದಿ ತಂತಿ ಬ್ರಷ್ಷಿನಿಂದ ಉಜ್ಜಬೇಕು.

ಈ ಹೆಡ್‌ನಲ್ಲಿ ಒಂದು ಅನುಕೂಲವಿತ್ತು. ಸ್ಟಡ್ 4 ಮಿ.ಮೀ. ಒಳಗೆ ಮುರಿದದ್ದರಿಂದ ಮೇಲಿನ ಮೂರು ಸುತ್ತು ಥ್ರೆಡ್ ಖಾಲಿಯಾಗಿ, ಹಾಳಾಗದೆ ಉಳಿದಿದ್ದವು. ಒಂದು ಗಿಡ್ಡ ಎಂ8 ಬೋಲ್ಟಿಗೆ ಲೇತ್‌ನಲ್ಲಿ ಸರಿಯಾಗಿ ನಡುವೆ 3 ಮಿ.ಮೀ. ತೂತು ಹಾಕಿಸಿ, ಆ ಥ್ರೆಡ್‌ಗೆ ಕೈಯಿಂದಲೇ ತಿರುಗಿಸಿ ಕೂರಿಸಿ, ತೂತಿನೊಳಗಿಂದ ಸ್ಕ್ರೈಬರ್ (ಲೋಹದ ಮೇಲೆ ಗೀಚುವ ಚೂಪು ಕಡ್ಡಿ) ಇಳಿಸಿ ಗುರುತು ಮಾಡಿದೆ. ಆ ಬೋಲ್ಟನ್ನು ತೆಗೆದು ಟಾರ್ಚ್ ಹಿಡಿದಾಗ, ಹಳೆಯ ತೂತು ನಿಜವಾದ ನಡುವಿನಿಂದ ಒಂದು ಮಿ.ಮೀ.ಗಿಂತ ಹೆಚ್ಚೇ ಸರಿದಿರುವುದೂ, ಒಂದು ಕಡೆ ಸ್ಟಡ್‌ನ ಗೋಡೆ ಕಾಗದದಷ್ಟು ತೆಳುವಾಗಿ ಇನ್ನೊಂದು ಕಡೆ ದಪ್ಪನಾಗಿ ಉಳಿದಿರುವುದೂ ಸ್ಪಷ್ಟವಾಗಿ ಕಂಡಿತು.

ಮೊದಲು 3 ಮಿ.ಮೀ. ಗುಂಡು ತಲೆಯ ಬರ್‌ನಿಂದ ಈಜಿ ಔಟನ್ನು ತಿನ್ನಲು ಆರಂಭಿಸಿದೆ. ಮುರಿದ ಈಜಿ ಔಟ್‌ನ ಮುಖ ಬೂದು ಬಣ್ಣ, ಸುತ್ತಲಿನ ಸ್ಟಡ್ ಹೊಳೆಯುವ ಉಕ್ಕು. ಬಣ್ಣದ ಈ ವ್ಯತ್ಯಾಸವೇ ಕೆಲಸದ ಉದ್ದಕ್ಕೂ ದಾರಿ ತೋರಿಸುತ್ತದೆ. ಒತ್ತದೆ, ಬರ್‌ನ ಭಾರ ಮಾತ್ರ ಬೀಳುವಂತೆ ಕೆಲವು ಸೆಕೆಂಡು ತಾಗಿಸಿ ಮೇಲೆತ್ತಬೇಕು. ಮೇಲೆತ್ತಿ ಗಾಳಿ ಊದಿ ಚೂರು ಹೊರಹಾಕಿ, ನೋಡಿ, ಮತ್ತೆ ಇಳಿಸಬೇಕು. ಗಡಸು ಲೋಹ ತಿನ್ನುವಾಗ ಸದ್ದು ಕೀಚಲಾಗಿರುತ್ತದೆ, ಮೆದು ಉಕ್ಕಿಗೆ ಬಂದಾಗ ದಪ್ಪವಾಗುತ್ತದೆ, ಅಲ್ಯೂಮಿನಿಯಂ ತಾಗಿದರೆ ಸದ್ದು ಹೆಚ್ಚುಕಡಿಮೆ ಸತ್ತೇಹೋಗಿ ಬೆಳ್ಳನೆಯ ಚೂರು ಮೇಲೆ ಬರುತ್ತದೆ. ಆ ಬೆಳ್ಳನೆಯ ಚೂರು ಕಾಣುವ ಮೊದಲೇ ನಿಲ್ಲುವುದರಲ್ಲಿ ಈ ಕೆಲಸದ ಅರ್ಧ ಜಾಣತನವಿದೆ.

ಈಜಿ ಔಟ್ ಕರಗಿದ ಮೇಲೆ, ತುದಿ ಗುಂಡಗಿರುವ ಸಣ್ಣ ಸಿಲಿಂಡರ್ ಬರ್ ಹಾಕಿ ದಪ್ಪ ಗೋಡೆಯನ್ನಷ್ಟೇ ಕೆರೆಯುತ್ತ ತೂತನ್ನು ಗುರುತಿನ ಕಡೆಗೆ ತಂದೆ. ತೂತಿನೊಳಗೆ ಬರ್ ತಿರುಗುವ ದಿಕ್ಕಿನಲ್ಲೇ, ಎಂದರೆ ಗಡಿಯಾರದ ಮುಳ್ಳಿನಂತೆ, ಗೋಡೆಯ ಸುತ್ತ ಕೈ ಚಲಿಸಬೇಕು. ಎದುರು ದಿಕ್ಕಿಗೆ ಹೋದರೆ ಹಲ್ಲು ಲೋಹವನ್ನು ಹತ್ತಿ ಓಡಿ ಕೈ ತಪ್ಪಿಸುತ್ತದೆ. ಎಂ8 ಥ್ರೆಡ್‌ನ ಬುಡದ ವ್ಯಾಸ ಸುಮಾರು 6.5 ಮಿ.ಮೀ. ಇರುವುದರಿಂದ, ತೂತು ಸರಿಯಾಗಿ ನಡುವಿದ್ದರೆ 6 ಮಿ.ಮೀ. ತನಕ ಹಿಗ್ಗಿಸಿದರೂ ಸುತ್ತ ಕಾಲು ಮಿ.ಮೀ. ಉಕ್ಕು ಉಳಿಯುತ್ತದೆ. ಅಲ್ಲಿಗೆ ಬರ್ ಬಿಟ್ಟು, ಹೆಡ್ಡನ್ನು ಹಾಟ್ ಏರ್ ಗನ್‌ನಿಂದ ಬಿಸಿ ಮಾಡಿ, ಸಣ್ಣ ಉಳಿಯಿಂದ ಆ ತೆಳು ಚಿಪ್ಪನ್ನು ಒಳಮುಖವಾಗಿ ಮಡಚಿದೆ. ಹಿಡಿತ ಬಿಟ್ಟಿತು. ಮೂತಿ ಚೂಪಾದ ಇಕ್ಕಳದಿಂದ ಎಳೆದಾಗ ಥ್ರೆಡ್ ಸುರುಳಿ ಸುರುಳಿಯಾಗಿ ಬಿಡಿಸಿಕೊಂಡು ಬಂದಿತು, ನಡುವೆ ತುಕ್ಕಿನ ಕೆಂಪು, ಹೊರಗೆ ಅಲ್ಯೂಮಿನಿಯಮ್ಮಿನ ಬಿಳಿಪುಡಿ. ಆಮೇಲೆ 1.25 ಮಿ.ಮೀ. ಪಿಚ್‌ನ (ಥ್ರೆಡ್‌ನ ಸುತ್ತುಗಳ ನಡುವಿನ ಅಂತರ) ಎಂ8 ಟ್ಯಾಪನ್ನು ಎಣ್ಣೆ ಹಚ್ಚಿ ಕೈಯಿಂದ ಇಳಿಸಿದೆ. ಗ್ಯಾರೇಜಿನ ಡ್ರಿಲ್ ತಾಗಿದ್ದ ಒಂದು ಪಕ್ಕದಲ್ಲಿ ಎರಡು ಸುತ್ತು ಅರೆಬರೆಯಾಗಿವೆ, ಉಳಿದದ್ದೆಲ್ಲ ಗಟ್ಟಿಯಾಗಿದೆ. ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಹೆಲಿಕಾಯಿಲ್ (ಹಾಳಾದ ಥ್ರೆಡ್ ಬದಲಿಗೆ ಕೂರಿಸುವ ತಂತಿಯ ಸುರುಳಿ) ಹಾಕಬೇಕಾಗುತ್ತಿತ್ತು.

ಕನ್ನಡಕದ ವಿಷಯವನ್ನು ಇಲ್ಲಿ ಹೇಳಿಯೇ ತೀರಬೇಕು. ಬರ್ ಉದುರಿಸುವುದು ಪುಡಿಯಲ್ಲ, ಸೂಜಿಯಂಥ ಚೂರು. ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ, ಬಟ್ಟೆಗೆ ಹತ್ತಿದರೆ ಮನೆಯವರ ಕಾಲಿಗೂ ಚುಚ್ಚುತ್ತದೆ. ಪಕ್ಕವೂ ಮುಚ್ಚುವ ಸೇಫ್ಟಿ ಗ್ಲಾಸ್, ಅದರ ಮೇಲೆ ಫೇಸ್ ಶೀಲ್ಡ್, ಮೂಗಿಗೆ ಮಾಸ್ಕ್.

ಎಲ್ಲ ಮುರಿದ ಬೋಲ್ಟಿಗೂ ಇದೇ ಮದ್ದಲ್ಲ. ಸ್ಟಡ್ ಹೊರಗೆ ಚೂರಾದರೂ ಉಳಿದಿದ್ದರೆ ನಟ್ ವೆಲ್ಡ್ ಮಾಡಿ, ಆ ಬಿಸಿಯಲ್ಲೇ ಹಿಂದೆ ಮುಂದೆ ಆಡಿಸಿ ತೆಗೆಯುವುದು ಎಷ್ಟೋ ಸುಲಭ. ಎಂ5, ಎಂ4ನಂಥ ಸಣ್ಣ ತೂತಿನಲ್ಲಿ ಮುರಿದ ಟ್ಯಾಪ್‌ಗೆ ಕೈಯಿಂದ ಬರ್ ಹಾಕುವುದಕ್ಕಿಂತ, ಪೀಣ್ಯದಲ್ಲಿ ಸ್ಪಾರ್ಕ್ ಇರೋಷನ್ ಯಂತ್ರವಿರುವವರ ಬಳಿ ಕೊಡುವುದು ಮೇಲು. ಆ ಯಂತ್ರದ ಹುಟ್ಟಿಗೂ ಇದೇ ತಲೆನೋವು ಒಂದು ಕಾರಣ: ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಂಜಿನಿಯರುಗಳು ದುಬಾರಿ ಅಲ್ಯೂಮಿನಿಯಂ ಎರಕಗಳಲ್ಲಿ ಮುರಿದ ಟ್ಯಾಪ್ ಮತ್ತು ಡ್ರಿಲ್‌ಗಳನ್ನು ವಿದ್ಯುತ್ ಕಿಡಿಯಿಂದ ತಿನ್ನಿಸುವ ಸಾಧನ ಕಟ್ಟಿದ್ದರು.

ಹೊಸ ಸ್ಟಡ್ ಕೂರಿಸುವಾಗ ಥ್ರೆಡ್‌ಗೆ ತಾಮ್ರದ ಪುಡಿಯಿರುವ ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ, ಹೊರಗೆ ಉಕ್ಕಿನ ನಟ್ ಬದಲು ಹಿತ್ತಾಳೆಯ ನಟ್ ಹಾಕಿದ್ದೇನೆ. ಹಿತ್ತಾಳೆ ತುಕ್ಕು ಹಿಡಿದು ಉಕ್ಕಿಗೆ ಅಂಟಿಕೊಳ್ಳುವುದಿಲ್ಲ; ಮುಂದಿನ ಸಲ ಬಿಚ್ಚುವಾಗ ಏನಾದರೂ ಕೆಟ್ಟರೂ ಕೆಡುವುದು ನಟ್‌ನ ಥ್ರೆಡ್, ಸ್ಟಡ್ ಅಲ್ಲ.