ಮಂಜೂಕುಯಿ ಹುಡುಗನ ಕೆನ್ನೆ ಕೊನೆಗೂ ಕೂತಿತು

ಕೂತಿತು! ಗೊಂಬೆಯ ಎಡಗೆನ್ನೆಯ ಮೇಲೆ ಎದ್ದಿದ್ದ ಬಿಳಿ ಬಣ್ಣದ ಹಕ್ಕಳೆಗೆ ಈಗ ಬ್ರಷ್ ತಾಗಿಸಿದರೂ ಅಲುಗುವುದಿಲ್ಲ. ಕ್ಯೋಟೋದ ತೋಜಿ ದೇವಸ್ಥಾನದಲ್ಲಿ 21ನೇ ತಾರೀಖು ನಡೆಯುವ ಸಂತೆಯಲ್ಲಿ ಸಿಕ್ಕ ಹಳೇ ಫುಶಿಮಿ ಗೊಂಬೆ ಇದು, ಅಂದರೆ ಕ್ಯೋಟೋದ ಫುಶಿಮಿ ಕಡೆಯ ಮಣ್ಣಿನ ಗೊಂಬೆ. 'ಅಪ್ಪ ಇಷ್ಟನೋ ಅಮ್ಮ ಇಷ್ಟನೋ' ಅಂತ ಕೇಳಿದವರಿಗೆ, ಕೈಯಲ್ಲಿದ್ದ ಮಂಜೂ (ಸಿಹಿ ಹೂರಣದ ಜಪಾನಿ ತಿಂಡಿ) ಮುರಿದು 'ಯಾವ ಅರ್ಧ ಜಾಸ್ತಿ ರುಚಿ ಹೇಳಿ' ಎಂದ ಜಾಣ ಹುಡುಗ.

ಹಳೇ ಗೊಂಬೆ ರಿಪೇರಿಗೆ ಮೊದಲು ದೂಳು ತೆಗೆಯೋದು, ಫೋಟೋ ತೆಗೆಯೋದು ಎಲ್ಲ ನಿಮಗೆ ಗೊತ್ತೇ ಇದೆ. ನನ್ನನ್ನು ಕಾಡಿದ್ದು ಗೋಫುನ್. ಸಿಂಪಿ ಚಿಪ್ಪಿನ ಈ ಬಿಳಿ ಪುಡಿಯನ್ನು ಹಿಡಿದಿಡುವುದು ನಿಕಾವಾ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯ ಅಂಟು. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಿ ಅದು ಒಣಗಿ ಕುಗ್ಗುತ್ತದೆ. ಬಿಳಿ ಪದರ ಬಿಲ್ಲಿನಂತೆ ಬಾಗಿ ಮೇಲೇಳುತ್ತದೆ. ಕೆಳಗಿರುವುದು ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು. ಎಷ್ಟು ಅಂಟು ಬಿಟ್ಟರೂ ಕುಡಿದುಬಿಡುತ್ತದೆ, ಪದರದ ಅಡಿಯಲ್ಲಿ ಏನೂ ಉಳಿಯುವುದಿಲ್ಲ. ಜಾಸ್ತಿ ಬಿಡೋಣ ಅಂದರೆ ಪಕ್ಕದಲ್ಲೇ ಕೆಂಪು ಅಂಗಿ. ಮೇಜಿ ಕಾಲದಿಂದೀಚಿನ (1868ರ ನಂತರದ) ಗೊಂಬೆಗಳಲ್ಲಿ ಕೃತಕ ಬಣ್ಣ ಇರಬಹುದು. ನೀರು ತಾಗಿದರೆ ಬಿಳಿಗೆ ಹರಿಯುತ್ತದೆ.

ದಾರಿ ಸಿಕ್ಕಿದ್ದು ಎರಡು ಹಂತದಲ್ಲಿ. ಮೊದಲು ತೀರಾ ತೆಳು ಫುನೋರಿ (ಕಡಲ ಪಾಚಿಯ ಅಂಟು), ಜೊತೆಗೆ ಸ್ವಲ್ಪ ಆಲ್ಕೋಹಾಲ್. ಕೆಂಪಿನ ಹತ್ತಿರ ಸುಳಿಯಬಾರದು. ಇದು ಮಣ್ಣಿನ ದಾಹ ತೀರಿಸುವುದಕ್ಕಷ್ಟೇ. ಪೂರ್ತಿ ಒಣಗಲು ಬಿಡಿ. ಆಮೇಲೆ ಫುನೋರಿಗೆ ನಿಕಾವಾ ಬೆರೆಸಿ, ಸ್ವಲ್ಪ ಗಟ್ಟಿಯಾಗಿ, ಅತಿ ಸಣ್ಣ ಬ್ರಷ್‌ನಲ್ಲಿ ಹಕ್ಕಳೆಯ ಅಂಚಿಗೆ ಒಂದೊಂದೇ ಹನಿ. ಪದರ ಮೆತ್ತಗಾಗುವ ತನಕ ಒತ್ತಲೇಬೇಡಿ, ಚೂರಾಗುತ್ತದೆ. ಮೆತ್ತಗಾದ ಮೇಲೆ ಸಿಲಿಕೋನ್ ಕಾಗದ ಇಟ್ಟು ಹತ್ತಿಯಿಂದ ಮೃದುವಾಗಿ ಒತ್ತಿದರೆ ಸಾಕು.

ಬಿದ್ದುಹೋದ ಜಾಗಕ್ಕೆ ಹೊಸ ಬಿಳಿ ಬಳಿಯುವುದಿಲ್ಲ. ಬಳಿದರೆ ಹಳೇ ಕುಶಲಕರ್ಮಿಯ ಕೈ ಅಲ್ಲೇ ಅಳಿಸಿಹೋಗುತ್ತದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟರಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಹೋತೆಯಿ, ಅಂದರೆ ಡೊಳ್ಳುಹೊಟ್ಟೆಯ ಅದೃಷ್ಟ ದೇವರ ಗೊಂಬೆ, ಬಂದ. ಮಾರಿದವರು ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಬಣ್ಣದ ಮೇಲೇ ಸುತ್ತಿದ್ದಾರೆ! ಹೊಟ್ಟೆಯ ಬಿಳಿಯೆಲ್ಲ ಪ್ಲಾಸ್ಟಿಕ್‌ಗೆ ಅಂಟಿಕೊಂಡಿದೆ. ದಯವಿಟ್ಟು ಮೊದಲು ತೆಳು ಕಾಗದ ಸುತ್ತಿ, ಸ್ವಾಮೀ. ಕ್ಯೋಟೋದಲ್ಲಿ ಹತ್ಸುಉಮಾ ದಿನ (ಫೆಬ್ರವರಿಯ ಮೊದಲ 'ಕುದುರೆ ದಿನ', ಇನಾರಿ ದೇವರ ಹಬ್ಬ) ವರ್ಷಕ್ಕೊಂದರಂತೆ ಏಳು ಹೋತೆಯಿ ಕೂಡಿಸುವ ಪದ್ಧತಿ ಇದೆ. ನಡುವೆ ಮನೆಯಲ್ಲಿ ಕೆಟ್ಟದ್ದಾದರೆ ಮತ್ತೆ ಮೊದಲಿನಿಂದ. ಅಂಥ ಒಂದು ಸಾಲನ್ನು ಹಳೇ ಗೊಂಬೆಗಳಲ್ಲೇ ಕೂಡಿಸಬೇಕು ಅನ್ನೋದು ನನ್ನ ಮುಂದಿನ ಯೋಜನೆ. ಸೆಂದಾಯಿ ಊರಿನ ತ್ಸುತ್ಸುಮಿ ಮಣ್ಣಿನ ಗೊಂಬೆಗಳೂ ಕರೆಯುತ್ತಿವೆ, ಆದರೆ ಮೊದಲು ಈ ಹೊಟ್ಟೆ. ಪ್ಲಾಸ್ಟಿಕ್‌ಗೆ ಅಂಟಿದ ಗೋಫುನ್ ಬಿಡಿಸಿದವರು ಯಾರಾದರೂ ಇದ್ದರೆ ಹೇಗೆ ಅಂತ ಹೇಳಿ.