ಕೀಲು ಊದಿದ ಮಗುವಿನ ಲಿಪಿಡ್ ವರದಿ ಓದುವಾಗ

ಮೈಸೂರಿನ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿನ ಕೊಬ್ಬಿನ ಪರೀಕ್ಷೆಯ ವರದಿಗಳನ್ನು ಪರಿಶೀಲಿಸಿ ಸಹಿ ಹಾಕುವುದು ನನ್ನ ಕೆಲಸಗಳಲ್ಲೊಂದು. ಅವುಗಳ ನಡುವೆ ಆಗಾಗ ದೀರ್ಘಕಾಲದ ಸಂಧಿವಾತವಿರುವ ಮಕ್ಕಳ ವರದಿಗಳೂ ಬರುತ್ತವೆ. 16 ವರ್ಷ ತುಂಬುವ ಮೊದಲೇ ಶುರುವಾಗಿ, 6 ವಾರ ಕಳೆದರೂ ಇಳಿಯದ, ಬೇರೆ ಕಾರಣ ಸಿಗದ ಈ ಕೀಲುರೋಗವನ್ನು ವೈದ್ಯರು ಜೆಐಎ ಎನ್ನುತ್ತಾರೆ. ಅಂಕಿಗಳು ಹೆಚ್ಚುಕಮ್ಮಿಯಾಗಿದ್ದರೆ ಮದ್ದೂರು, ಮಳವಳ್ಳಿ ಕಡೆಯಿಂದ ಬಂದ ಪೋಷಕರು ಕೇಳುವ ಮೊದಲ ಪ್ರಶ್ನೆ, "ಇದು ನಮ್ ವಂಶದಿಂದ ಬಂದಿದ್ದಾ ಸಾರ್?" ಎಂಬುದು. ರಕ್ತ ತೆಗೆದ ದಿನ ರೋಗ ಯಾವ ಮಟ್ಟದಲ್ಲಿತ್ತು ಎಂದು ತಿಳಿಯದೆ ಇದಕ್ಕೆ ಉತ್ತರಿಸಬಾರದೆಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ಉರಿಯೂತ ಏರಿದಾಗ ಯಕೃತ್ತು ಸೀರಮ್ ಅಮಿಲಾಯ್ಡ್ ಎ ಎಂಬ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಅದು 'ಒಳ್ಳೆಯ ಕೊಲೆಸ್ಟರಾಲ್' ಎನ್ನಲಾಗುವ ಎಚ್‌ಡಿಎಲ್ ಕಣಗಳನ್ನು ಸೇರಿ, ಅವುಗಳ ಮುಖ್ಯ ಪ್ರೋಟೀನಾದ ಅಪೊ ಎ-1 ಅನ್ನು ಹೊರದೂಡುತ್ತದೆ. ಎಚ್‌ಡಿಎಲ್ ಕುಸಿಯುತ್ತದೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತದೆ, 'ಕೆಟ್ಟ ಕೊಲೆಸ್ಟರಾಲ್' ಎನ್ನಲಾಗುವ ಎಲ್‌ಡಿಎಲ್ ಮಾತ್ರ ಎಷ್ಟೋ ವೇಳೆ ಇರಬೇಕಾದುದಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ. ಚಿಕಿತ್ಸೆ ಫಲಿಸಿ ಊತ ಇಳಿದ ಮೇಲೆ ಅದೇ ಎಲ್‌ಡಿಎಲ್ ಮೇಲೇರುವುದುಂಟು. ಈ ರೋಗಕ್ಕೆ ಕೊಡುವ ಸ್ಟೆರಾಯ್ಡ್ ಮತ್ತು ಟೊಸಿಲಿಜುಮ್ಯಾಬ್ ಔಷಧಿಗಳು ಕೂಡ ಕೊಲೆಸ್ಟರಾಲ್ ಏರಿಸಬಲ್ಲವು. ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿಯ ಅಂಕಿ ಮತ್ತು ಔಷಧಿಗಳ ಹೆಸರು ಮುಂದಿಲ್ಲದ ಲಿಪಿಡ್ ವರದಿಯನ್ನು ನಾನು ಅರ್ಧ ವರದಿಯೆಂದೇ ಪರಿಗಣಿಸುತ್ತೇನೆ.

ಹಾಗೆಂದು ವಂಶವಾಹಿಯ ಪಾತ್ರ ಇಲ್ಲವೆಂದಲ್ಲ. ಅಪೊಇ ವಂಶವಾಹಿಯ ಇ4 ರೂಪ ಇರುವವರಲ್ಲಿ ಎಲ್‌ಡಿಎಲ್ ಸರಾಸರಿ ತುಸು ಹೆಚ್ಚು, ಇ2 ಇರುವವರಲ್ಲಿ ತುಸು ಕಡಿಮೆ. 11ನೆಯ ಕ್ರೋಮೋಸೋಮಿನಲ್ಲಿರುವ ಅಪೊಎ5ರ ಕೆಲವು ಭೇದಗಳು ಟ್ರೈಗ್ಲಿಸರೈಡನ್ನು ಏರಿಸುತ್ತವೆ. ಆದರೆ ಈ ಭೇದಗಳು ಹುಟ್ಟಿದಂದಿನಿಂದ ಬದಲಾಗವು, ಉರಿಯೂತವಾದರೋ ವಾರದಿಂದ ವಾರಕ್ಕೆ ಬದಲಾಗುತ್ತದೆ. ಆದ್ದರಿಂದ ದುಬಾರಿ ವಂಶವಾಹಿ ಪರೀಕ್ಷೆಗೆ ಬರೆಯುವ ಮುನ್ನ, ರೋಗ ಹತೋಟಿಗೆ ಬಂದ ಮೇಲೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ರಕ್ತ ಪರೀಕ್ಷಿಸುವುದು ಮೇಲು.

ಇದಕ್ಕೊಂದು ಅಪವಾದವಿದೆ. ಕೌಟುಂಬಿಕ ಅಧಿಕ ಕೊಲೆಸ್ಟರಾಲ್ ಸುಮಾರು 250 ಜನರಲ್ಲಿ ಒಬ್ಬರಿಗಿರುತ್ತದೆ. ನಮ್ಮ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಇನ್ನೂ ಉಳಿದಿರುವುದರಿಂದ, ತಂದೆತಾಯಿ ಇಬ್ಬರಲ್ಲೂ ಒಂದೇ ದೋಷವಿದ್ದು ಮಗು ದೋಷವಿರುವ ವಂಶವಾಹಿಯ ಎರಡು ಪ್ರತಿಗಳನ್ನೂ ಪಡೆಯುವ ಸಾಧ್ಯತೆ ಹೆಚ್ಚು. ಅಂಥ ಮಕ್ಕಳ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ, ಮೊಣಕೈ ಮೊಣಕಾಲುಗಳಲ್ಲಿ ಕೊಬ್ಬಿನ ಗಂಟುಗಳು ಕಾಣಿಸಿಕೊಂಡು, ಕೀಲುನೋವೂ ಸೇರಿ, ಸಂಧಿವಾತವೆಂದೇ ತೋರಬಹುದು. ಇಲ್ಲಿ ಎಲ್‌ಡಿಎಲ್ ಏರುವುದು ತುಸುವಲ್ಲ, ಹಲವು ಪಟ್ಟು. ಇದನ್ನು ಉರಿಯೂತದ ಲೆಕ್ಕಕ್ಕೆ ಬರೆದು ಸುಮ್ಮನಿರುವಂತಿಲ್ಲ.

ವರದಿಯಲ್ಲಿ ಮುದ್ರಿತವಾಗುವ ಮಿತಿಗಳು ಹೆಚ್ಚಾಗಿ ದೊಡ್ಡವರವು. ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 150 ಮಿಲಿಗ್ರಾಂ ದಾಟಿದರೆ ಮಾತ್ರ ಗುರುತು ಬೀಳುತ್ತದೆ. ಆದರೆ 10 ವರ್ಷದೊಳಗಿನ ಮಗುವಿಗೆ 100 ಆದರೂ ಹೆಚ್ಚೇ. ಇಡೀ ಮೈಗೆ ಹಬ್ಬುವ ಬಗೆಯ ಜೆಐಎ ಇದ್ದು ಜ್ವರವೂ ಇರುವ ಮಗುವಿನ ಫೆರಿಟಿನ್ (ಕಬ್ಬಿಣ ಸಂಗ್ರಹಿಸುವ ಪ್ರೋಟೀನ್) ಮಿಲಿಲೀಟರಿಗೆ 684 ನ್ಯಾನೊಗ್ರಾಂ ಮೀರಿ, ಟ್ರೈಗ್ಲಿಸರೈಡ್ 156 ದಾಟಿ, ಪ್ಲೇಟ್‌ಲೆಟ್ 1,81,000 ಅಥವಾ ಅದಕ್ಕಿಂತ ಕೆಳಗಿಳಿದಿದ್ದರೆ, ಅದು 2016ರ ಮಾನದಂಡದಂತೆ ಮ್ಯಾಕ್ರೊಫೇಜ್ ಆಕ್ಟಿವೇಶನ್ ಸಿಂಡ್ರೋಮ್ ಎಂಬ, ರೋಗನಿರೋಧಕ ಕಣಗಳು ಹತೋಟಿ ಮೀರಿ ಕೆರಳುವ ಪ್ರಾಣಾಪಾಯದ ಸ್ಥಿತಿಯ ಲಕ್ಷಣ. ಅಂಥ ವರದಿ ಕೈಗೆ ಬಂದಾಗ ಮುದ್ರಿಸಿ ಕಳುಹಿಸುವವರೆಗೆ ಕಾಯದೆ ನೇರವಾಗಿ ಮಕ್ಕಳ ವಾರ್ಡಿಗೆ ಫೋನ್ ಮಾಡುತ್ತೇವೆ.