622 ರಲ್ಲಿ ನೂರು ಎಷ್ಟು ಸಲ ಹೋಗುತ್ತದೆ?

ಮೊನ್ನೆ ರಾತ್ರಿ ಊಟ ಮುಗಿಸಿ ಶಿರಸಿ ಮನೆಯ ಜಗಲಿಯಲ್ಲಿ ಕೂತಿದ್ದೆ. ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿರುವ ಅಕ್ಕನ ಮಗನ ಮೆಸೇಜ್ ಬಂತು. "ಮಾವಾ, ನಮ್ಮಲ್ಲಿ ಒಂದು ಹಳೇ ಎಸ್‌ಟಿಎಂ-4 ಲಿಂಕ್ ಇದೆ. ಅದರಲ್ಲಿ ಆರು ಫಾಸ್ಟ್ ಈಥರ್ನೆಟ್ ಕೊಡಬಹುದು ಅಲ್ವಾ? 622 ಭಾಗಿಸು 100."

ಎಸ್‌ಟಿಎಂ-4 ಅಂದರೆ ಸೆಕೆಂಡಿಗೆ 622 ಮೆಗಾಬಿಟ್ (ಎಂಬಿಪಿಎಸ್) ಸಾಗಿಸುವ ಟೆಲಿಕಾಂ ಲಿಂಕ್, ಫಾಸ್ಟ್ ಈಥರ್ನೆಟ್ ಅಂದರೆ 100 ಎಂಬಿಪಿಎಸ್‌ನ ಕಂಪ್ಯೂಟರ್ ಸಂಪರ್ಕ. ಫೋನ್ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತೆ. ಇದೇ ಲೆಕ್ಕ ನಾನೂ ಮಾಡಿದ್ದೆ. ಕಾರವಾರದ ಟ್ರಾನ್ಸ್‌ಮಿಷನ್ ರೂಮಿನಲ್ಲಿ, ನೌಕರಿಯ ಮೊದಲ ವರ್ಷಗಳಲ್ಲಿ. ಲೆಕ್ಕ ನಂಬಿ ಆರು ಗಿರಾಕಿಗಳಿಗೆ ಮಾತೂ ಕೊಟ್ಟಿದ್ದೆ.

ಆಷಾಢದ ಮಳೆ ಹೊಡೆಯುತ್ತಿತ್ತು. ಹಲವು ಸಂಪರ್ಕಗಳನ್ನು ಒಂದೇ ಲಿಂಕಿಗೆ ಸೇರಿಸುವ ಮಕ್ಸ್ ಯಂತ್ರಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡು ಒಬ್ಬೊಬ್ಬ ಗಿರಾಕಿಯ ಪೋರ್ಟ್‌ಗೆ ವಿಸಿ-12, ಅಂದರೆ ಲಿಂಕಿನ ಜಾಗದ ಸಣ್ಣ ಪಾಲು, ಹಂಚುತ್ತಾ ಹೋದೆ. ಒಂದು ಪೋರ್ಟ್‌ಗೆ 46. ಐದು ಪೋರ್ಟ್ ಸಲೀಸಾಗಿ ಮುಗಿಯಿತು. ಆರನೆಯದಕ್ಕೆ ಬಂದಾಗ ಪರದೆಯ ಮೇಲೆ ಖಾಲಿ ಉಳಿದದ್ದು ಬರೀ 22. ಎಲ್ಲೋ ತಪ್ಪಿ ಜಾಸ್ತಿ ಕೊಟ್ಟೆನೇನೋ ಅಂತ ಎಲ್ಲಾ ಅಳಿಸಿ ಮತ್ತೆ ಹಂಚಿದೆ. ಮತ್ತೆ 22. ಆಮೇಲೆ ಒಂದು ಹಾಳೆ ತೆಗೆದುಕೊಂಡು ಬುಡದಿಂದ ಲೆಕ್ಕ ಹಾಕಿದೆ. ಆ ಹಾಳೆಯಲ್ಲಿದ್ದದ್ದನ್ನೇ ಅಳಿಯನಿಗೆ ಬರೆದೆ. ಇಲ್ಲೂ ಬರೆಯುತ್ತೇನೆ.

ಎಸ್‌ಟಿಎಂ ಲೆಕ್ಕ ಶುರುವಾಗುವುದು ಮನುಷ್ಯರ ಮಾತಿನಿಂದ. ಫೋನಿನಲ್ಲಿ ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಪ್ರತಿ ಸಲಕ್ಕೆ 8 ಬಿಟ್. ಅಲ್ಲಿಗೆ 64 ಕೆಬಿಪಿಎಸ್. ಇಂಥ 32 ಸೇರಿದರೆ ಇ1 ಎಂಬ ಒಂದು ಲೈನ್, ಅಂದರೆ 2.048 ಎಂಬಿಪಿಎಸ್. ಆ 8000 ಮುಂದೆ ಎಲ್ಲೂ ಬದಲಾಗುವುದಿಲ್ಲ. ಎಸ್‌ಟಿಎಂ-1 ಫ್ರೇಮ್ ಅಂದರೆ 9 ಸಾಲು, 270 ಕಾಲಂ, ಒಟ್ಟು 2430 ಬೈಟ್. ಅದೂ ಸೆಕೆಂಡಿಗೆ 8000 ಸಲವೇ ಹೋಗುತ್ತದೆ, 125 ಮೈಕ್ರೊಸೆಕೆಂಡಿಗೆ ಒಂದು. ಗುಣಿಸಿ ನೋಡಿ, ಸರಿಯಾಗಿ 155.52 ಎಂಬಿಪಿಎಸ್ ಬರುತ್ತದೆ. ನಾಲ್ಕು ಪಟ್ಟು ಮಾಡಿದರೆ 622.08, ಅದೇ ಎಸ್‌ಟಿಎಂ-4. ಯಾರದೋ ಮಾತಿನ ಚೂರು ಹೊತ್ತಿಗೆ ಸರಿಯಾಗಿ ಹೋಗಿ ಮುಟ್ಟಲಿ ಅಂತ ಕಟ್ಟಿದ ಲೆಕ್ಕ ಇದು. ನನಗೆ ಇವತ್ತಿಗೂ ಇದರ ಮೇಲೆ ಬಹಳ ಪ್ರೀತಿ.

ಆದರೆ 155.52 ಅನ್ನುವುದು ಚೀಲ ಸೇರಿಸಿದ ತೂಕ. ಶಿರಸಿ ಪೇಟೆಯಲ್ಲಿ ಅಡಿಕೆ ತೂಗಿದ ಮೇಲೆ ಚೀಲದ ತೂಕ ಕಳೆಯುತ್ತಾರಲ್ಲ, ಹಾಗೆ ಇಲ್ಲೂ ಕಳೆಯಬೇಕು. 270 ಕಾಲಂನಲ್ಲಿ 10 ಓವರ್‌ಹೆಡ್‌ಗೆ, ಅಂದರೆ ಲಿಂಕ್ ನಡೆಸುವ ಮಾಹಿತಿಗೇ, ಹೋಗುತ್ತವೆ. ಮಾಲು ತುಂಬಲು ಉಳಿಯುವುದು 260, ಅಂದರೆ 149.76 ಎಂಬಿಪಿಎಸ್. ಎಸ್‌ಟಿಎಂ-4ಕ್ಕೆ 599.04.

ಇಲ್ಲಿಗೇ ನಿಲ್ಲಿಸಿದರೆ ಆರಕ್ಕೆ ಕೂದಲೆಳೆಯಷ್ಟೇ ಕಡಿಮೆ. ನಿಜವಾದ ಪೆಟ್ಟು ಬೀಳುವುದು ಮುಂದೆ. ಆ ಜಾಗವನ್ನು ವಿಸಿ-12 ಎಂಬ ಸಣ್ಣ ಡಬ್ಬಿಗಳಾಗಿ ಮಾಡಿದಾಗ ಒಂದು ಎಸ್‌ಟಿಎಂ-1ರಲ್ಲಿ ಕೂರುವುದು 63 ಮಾತ್ರ. ಒಂದು ಡಬ್ಬಿಯಲ್ಲಿ ಈಥರ್ನೆಟ್‌ಗೆ ಸಿಗುವುದು 2.176 ಎಂಬಿಪಿಎಸ್. ಪೂರ್ತಿ 100 ಬೇಕಾದರೆ 46 ಡಬ್ಬಿ ಕಟ್ಟಬೇಕು, ಆಗ 100.096 ಆಗುತ್ತದೆ. ಎಸ್‌ಟಿಎಂ-4ರಲ್ಲಿ ಒಟ್ಟು 252 ಡಬ್ಬಿ. ಐದು ಪೋರ್ಟ್‌ಗೆ 230 ಹೋಯಿತು. ಉಳಿಯಿತು 22.

ಇನ್ನೊಂದು ದಾರಿ ಇತ್ತು. ವಿಸಿ-3 ಎಂಬ ದೊಡ್ಡ ಡಬ್ಬಿ ಎರಡೆರಡು ಕಟ್ಟಿದರೆ ಆರೂ ಪೋರ್ಟ್ ಕೂರುತ್ತಿದ್ದವು. ಆದರೆ ಪ್ರತಿಯೊಂದಕ್ಕೂ 96.768 ಎಂಬಿಪಿಎಸ್ ಅಷ್ಟೇ. "ಯಾರಿಗೆ ಗೊತ್ತಾಗುತ್ತೆ ಬಿಡಿ" ಅಂದರು ಜೊತೆಗಿದ್ದವರು. ಕಾಗದದಲ್ಲಿ 100 ಅಂತ ಬರೆದುಕೊಟ್ಟಿದ್ದೆವು. ನನಗೆ ಮನಸ್ಸಾಗಲಿಲ್ಲ. ಆರನೆಯ ಗಿರಾಕಿ ಕುಮಟೆಯವರು. ಅವತ್ತೇ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ. ನಮ್ಮ ಲಿಂಕ್ ನಾಲ್ಕು ಪಟ್ಟು ದೊಡ್ಡ ಎಸ್‌ಟಿಎಂ-16 ಆಗುವವರೆಗೆ ಪಾಪ, ಅವರು ಕಾದರು.

ಈಥರ್ನೆಟ್ ಕಡೆಯ ಚೀಲವನ್ನೂ ಮರೆಯಬಾರದು. 100 ಎಂಬಿಪಿಎಸ್ ಪೋರ್ಟ್ ಕೊಟ್ಟ ಮೇಲೆ ಗಿರಾಕಿಗಳು ದೊಡ್ಡ ಫೈಲ್ ಕಾಪಿ ಮಾಡಿ ನೋಡುತ್ತಾರೆ. ವಿಂಡೋಸ್ ಸೆಕೆಂಡಿಗೆ 11 ಚಿಲ್ಲರೆ ಎಂಬಿ (ಮೆಗಾಬೈಟ್) ತೋರಿಸುತ್ತದೆ. ತಕ್ಷಣ ನಮಗೆ ಫೋನ್. ಮೊದಲು ಬಿಟ್‌ನಿಂದ ಬೈಟ್‌ಗೆ ತರಲು ಎಂಟರಿಂದ ಭಾಗಿಸಬೇಕು, 12.5 ಆಯಿತು. 1518 ಬೈಟಿನ ಒಂದು ಫ್ರೇಮ್‌ಗೆ ಮುಂದೆ ಫ್ರೇಮ್ ಬರುತ್ತಿದೆ ಅಂತ ಸೂಚಿಸುವ 8 ಬೈಟ್ ಪ್ರಿಆಂಬಲ್, ಹಿಂದೆ 12 ಬೈಟಿನಷ್ಟು ಖಾಲಿ ಜಾಗ ಸೇರಿ ತಂತಿಯ ಮೇಲೆ 1538 ಆಗುತ್ತದೆ. ಅದರಲ್ಲಿ ಫೈಲಿನ ಪಾಲು 1460. ಅಲ್ಲಿಗೆ 11.87. ಕೊನೆಗೆ, ಟೆಲಿಕಾಂನಲ್ಲಿ ಮೆಗಾ ಅಂದರೆ ಹತ್ತು ಲಕ್ಷ, ವಿಂಡೋಸ್‌ಗೆ 1024ರ ವರ್ಗ. ಹಾಗಾಗಿ 11.3. ಯಾರೂ ಮೋಸ ಮಾಡಿಲ್ಲ. ಇದನ್ನು ಫೋನಿನಲ್ಲಿ ಸಮಾಧಾನವಾಗಿ ಬಿಡಿಸಿ ಹೇಳಿದರೆ ಜನ ಕೇಳುತ್ತಾರೆ, ನಾನು ಕಂಡಿದ್ದೇನೆ.

ಗಿಗಾಬಿಟ್‌ಗೂ ಇದೇ ಕ್ರಮ. ಅದಕ್ಕೆ ಏಳು ವಿಸಿ-4 ಬೇಕು, ಅಂದರೆ 1048.32; ಒಂದು ಎಸ್‌ಟಿಎಂ-1ರ ಮಾಲಿನ ಜಾಗವೆಲ್ಲಾ ಒಂದೇ ಡಬ್ಬಿಯಾದರೆ ಅದು ವಿಸಿ-4. ಎಸ್‌ಟಿಎಂ-16ರಲ್ಲಿ ಎರಡು ಗಿಗಾಬಿಟ್ ಕೂತ ಮೇಲೆ ಅರ್ಧ ಗಿಗಾಬಿಟ್ ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಉಳಿಯುವುದು ಎರಡು ವಿಸಿ-4, 300ಕ್ಕೂ ಚೂರು ಕಡಿಮೆ. ಎಸ್‌ಟಿಎಂ-64 ಅನ್ನು ಎಲ್ಲರೂ 10 ಗಿಗಾ ಅಂತಲೇ ಕರೆಯುತ್ತಾರೆ, ಅದರೊಳಗೆ ಪೂರ್ತಿ 10 ಗಿಗಾಬಿಟ್ ಈಥರ್ನೆಟ್ ಹಿಡಿಯುವುದೇ ಇಲ್ಲ. ಅದರ ಮಾಲಿನ ಜಾಗ 9584.64 ಎಂಬಿಪಿಎಸ್. ಅದಕ್ಕೇ 2002ರ 10 ಗಿಗಾಬಿಟ್ ಸ್ಟ್ಯಾಂಡರ್ಡ್‌ನಲ್ಲಿ ವ್ಯಾನ್ ಫೈ ಅಂತ, ವೇಗ ಇಳಿಸಿಕೊಂಡು ಎಸ್‌ಟಿಎಂ-64ಕ್ಕೆ ಹೊಂದುವ ಬೇರೆಯೇ ಬಗೆ ಇಟ್ಟರು.

ಅಳಿಯ ಎಲ್ಲಾ ಓದಿ, ತಾನೇ ಮತ್ತೆ ಕೂಡಿ ಕಳೆದು, ಹನ್ನೊಂದು ಗಂಟೆಗೆ ಫೋನ್ ಮಾಡಿದ. "ಐದೇ ಕೊಡ್ತೀನಿ ಮಾವಾ. ಉಳಿದ 22 ಏನು ಮಾಡ್ಲಿ?"

"ಇ1 ಹಾಕು" ಅಂದೆ. "ಒಂದು ಡಬ್ಬಿಗೆ ಒಂದು ಇ1. ಡಬ್ಬಿ ಮಾಡಿದ್ದೇ ಅದಕ್ಕೆ."